ಸೌದೆ ಒಲೆಗೆ ಶೇ 30ರ ತೆರಿಗೆ ಕ್ರೆಡಿಟ್: ನಾನು ಪಡೆದ ಬಗೆ

ಅಮೆರಿಕದಲ್ಲಿ ಸೌದೆ ಒಲೆ ಕೊಂಡವರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಕಡಿತ, 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಆದರೂ ಈಗ ಇದನ್ನು ಬರೆಯಲು ಕಾರಣವಿದೆ. ಗಡುವಿನೊಳಗೆ ಒಲೆ ಕೂರಿಸಿ ಇನ್ನೂ ಕ್ರೆಡಿಟ್ ಕೇಳದವರು ನಮ್ಮ ಕನ್ನಡ ಬಳಗದಲ್ಲೇ ಇದ್ದಾರೆ. ಅವರ ಹಣ ಇನ್ನೂ ಕೈತಪ್ಪಿಲ್ಲ.

ನಮ್ಮ ಮನೆ ನ್ಯೂ ಹ್ಯಾಂಪ್‌ಶೈರ್‌ನ ಕೀನ್ ಪಟ್ಟಣದ ಹತ್ತಿರ. ಇಲ್ಲಿ ನವೆಂಬರಿನಲ್ಲಿ ಹಿಡಿದ ಚಳಿ ಏಪ್ರಿಲ್ ತನಕ ಬಿಡುವುದಿಲ್ಲ. ಬಹಳ ಮನೆಗಳಲ್ಲಿ ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಫ್ಯೂಯೆಲ್ ಆಯಿಲ್ ಬಾಯ್ಲರ್ ಉಂಟು, ಅದರ ಜೊತೆಗೆ ಒಂದು ಸೌದೆ ಒಲೆಯೂ ಉಂಟು. ಸುತ್ತ ಕಾಡೇ ಇರುವುದರಿಂದ ಸೌದೆಗೆ ಬರವಿಲ್ಲ. ಬರ ಇರುವುದು ಒಳ್ಳೆಯ ಗಾಳಿಗೆ. ಕೀನ್ ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ಗಾಳಿಯಾಡದ ಚಳಿಗಾಲದ ರಾತ್ರಿಗಳಲ್ಲಿ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದ ಹಾಗೆ ಕೂತುಬಿಡುತ್ತದೆ, ಹಳೆಯ ಒಲೆಗಳ ಹೊಗೆ ಊರೊಳಗೇ ನಿಲ್ಲುತ್ತದೆ. ಮನೆ ಕೊಂಡಾಗ ನಮಗೆ ಜೊತೆಗೆ ಬಂದದ್ದೂ ಅಂಥದ್ದೇ ಒಂದು ಹಳೆಯ ಕಬ್ಬಿಣದ ಒಲೆ. ಮಗಳಿಗೆ ಉಬ್ಬಸವಿದ್ದುದರಿಂದ ಅದನ್ನು ತೆಗೆಸುವುದೆಂದು ತೀರ್ಮಾನಿಸಿದೆವು.

2022ರ ಆಗಸ್ಟ್‌ನಲ್ಲಿ ಬಂದ ಇನ್‌ಫ್ಲೇಷನ್ ರಿಡಕ್ಷನ್ ಆಕ್ಟ್ ಈ ಕ್ರೆಡಿಟ್‌ಗೆ ಹೊಸ ರೂಪ ಕೊಟ್ಟಿತ್ತು. 2023ರಿಂದ ಸೌದೆ ಅಥವಾ ಪೆಲೆಟ್ (ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ತುಂಡು) ಒಲೆಯ ಖರ್ಚಿನ ಶೇ 30, ವರ್ಷಕ್ಕೆ ಗರಿಷ್ಠ 2,000 ಡಾಲರ್. ತೆರಿಗೆ ಕಾನೂನಿನ 25ಸಿ ಸೆಕ್ಷನ್ ಇದು. ಒಲೆ ಕೂರಿಸುವ ಕೂಲಿಯೂ ಲೆಕ್ಕಕ್ಕೆ ಬರುತ್ತದೆ. ಇದೇ ಸೆಕ್ಷನ್‌ನಲ್ಲಿ ಕಿಟಕಿ, ಬಾಗಿಲು, ಇನ್ಸುಲೇಷನ್‌ಗೆ ಕೂಲಿ ಸೇರಿಸುವಂತಿಲ್ಲ. ಆ ಮಟ್ಟಿಗೆ ಒಲೆಯವರು ಅದೃಷ್ಟವಂತರು.

ಷರತ್ತು ಒಂದೇ, ಆದರೆ ಗಟ್ಟಿಯಾದದ್ದು: ಒಲೆಯ ಉಷ್ಣ ದಕ್ಷತೆ, ಅಂದರೆ ಸೌದೆಯ ಶಕ್ತಿಯಲ್ಲಿ ಮನೆಗೆ ಶಾಖವಾಗಿ ದಕ್ಕುವ ಪಾಲು, ಎಚ್‌ಎಚ್‌ವಿ (ಹೈಯರ್ ಹೀಟಿಂಗ್ ವ್ಯಾಲ್ಯೂ) ಲೆಕ್ಕದಲ್ಲಿ ಕನಿಷ್ಠ ಶೇ 75 ಇರಬೇಕು. ನಾನು ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೇ. ಸೌದೆ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಅದು ತನ್ನೊಳಗೆ ಒಂದಷ್ಟು ಶಾಖ ಇಟ್ಟುಕೊಂಡೇ ಚಿಮಣಿಯಿಂದ ಹೊರಗೆ ಹೋಗುತ್ತದೆ. ಎಚ್‌ಎಚ್‌ವಿ ಲೆಕ್ಕ ಆ ಶಾಖವನ್ನೂ ಸೌದೆಯ ಶಕ್ತಿಯಲ್ಲಿ ಸೇರಿಸುತ್ತದೆ, ಹಾಗಾಗಿ ಒಲೆ ಅದನ್ನು ಕಳೆದುಕೊಂಡದ್ದು ಎದ್ದು ಕಾಣುತ್ತದೆ. ಎಲ್‌ಎಚ್‌ವಿ (ಲೋಯರ್ ಹೀಟಿಂಗ್ ವ್ಯಾಲ್ಯೂ) ಲೆಕ್ಕ ಅದನ್ನು ಮೊದಲೇ ಬಿಟ್ಟುಬಿಡುತ್ತದೆ. ಆದ್ದರಿಂದ ಅದೇ ಒಲೆಗೆ ಎಲ್‌ಎಚ್‌ವಿಯಲ್ಲಿ ಕೆಲವು ಅಂಕ ಹೆಚ್ಚು ಬರುತ್ತದೆ. ಯೂರೋಪಿನ ಒಲೆಗಳ ಕರಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎಲ್‌ಎಚ್‌ವಿ ಅಂಕಿ. ಶೇ 80 ಎಂದು ಬರೆದಿದ್ದ ಒಂದು ಚೆಂದದ ಒಲೆಯನ್ನು ನನ್ನ ಹೆಂಡತಿ ಮೆಚ್ಚಿದ್ದಳು. ಎಚ್‌ಎಚ್‌ವಿಯಲ್ಲಿ ನೋಡಿದರೆ ಅದು 75 ಮುಟ್ಟುತ್ತಿರಲಿಲ್ಲ. 2020ರ ತನಕ ಎಚ್‌ಎಚ್‌ವಿ ಲೆಕ್ಕವೇ ಆಗಬೇಕೆಂಬ ಷರತ್ತು ಇರಲಿಲ್ಲ, ಕ್ರೆಡಿಟ್ ಆಗ ಬರೀ 300 ಡಾಲರ್. ಅಂಗಡಿಯ ಕೆಲವರ ಬಾಯಲ್ಲಿ ಆ ಹಳೆಯ ನಿಯಮವೇ ಉಳಿದಿದೆ.

ಇಪಿಎ ಎಂದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ‘ಇಪಿಎ ಸರ್ಟಿಫೈಡ್’ ಎಂಬ ಚೀಟಿಯೂ ಸಾಲದು. ಅದು ಮುಖ್ಯವಾಗಿ ಹೊಗೆಯ ಮಾತು. 2020ರ ಮೇ 15ರಿಂದ ಹೊಸ ಒಲೆಯೊಂದು ಗಂಟೆಗೆ 2 ಗ್ರಾಂಗಿಂತ ಹೆಚ್ಚು ಕಣ ಹೊರಬಿಡುವಂತಿಲ್ಲ. ಸಾಮಾನ್ಯ ಸೀಳು ಸೌದೆ ಹಾಕಿ ಪರೀಕ್ಷೆ ಮಾಡಿದರೆ 2.5 ಗ್ರಾಂ. ಇದರಲ್ಲಿ ಪಾಸಾದ ಎಷ್ಟೋ ಒಲೆಗಳ ದಕ್ಷತೆ 70ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಪಿಎ ತನ್ನ ಸರ್ಟಿಫೈಡ್ ಒಲೆಗಳ ಪಟ್ಟಿಯಲ್ಲಿ ಪ್ರತಿ ಮಾಡೆಲ್‌ನ ದಕ್ಷತೆಯನ್ನು ಕೊಟ್ಟಿದೆ. ಅಂಗಡಿಗೆ ಹೋಗುವ ಮೊದಲು ಅದರಿಂದ 75 ದಾಟಿದ ಮಾಡೆಲ್‌ಗಳನ್ನಷ್ಟೇ ಬರೆದುಕೊಂಡೆ. ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರವೂ ತಾಳೆಯಾಗಬೇಕು, ಒಂದೇ ಹೆಸರಿನ ಸಣ್ಣ ಒಲೆ ಪಾಸಾಗಿ ದೊಡ್ಡದು ಫೇಲಾಗಿರುತ್ತದೆ.

75 ದಾಟುವ ಒಲೆಗಳಲ್ಲಿ ಬಹಳಷ್ಟರಲ್ಲಿ ಕ್ಯಾಟಲಿಸ್ಟ್ ಇದೆ. ಸಣ್ಣ ರಂಧ್ರಗಳ ಒಂದು ಬಿಲ್ಲೆ, ಮೇಲೆ ಪಲ್ಲಾಡಿಯಂ ಅಥವಾ ಪ್ಲಾಟಿನಂ ಲೇಪ. ಸುಮಾರು 500 ಡಿಗ್ರಿ ಫ್ಯಾರನ್‌ಹೀಟ್ ತಲುಪಿದ ಮೇಲೆ ಹೊಗೆಯನ್ನು ಅದರ ಮೂಲಕ ಹಾಯಿಸಿದರೆ ಹೊಗೆಯೇ ಹೊತ್ತಿ ಶಾಖವಾಗುತ್ತದೆ. ನಾವು ಆರಿಸಿದ್ದು ಇಂಥದ್ದೇ ಒಂದು, ಮೈಗೆ ಸೋಪ್‌ಸ್ಟೋನ್ ಹಲಗೆ ಇರುವುದು. ಅಂದರೆ ನಮ್ಮ ಬಳಪದ ಕಲ್ಲಿನ ಜಾತಿ. ಬೆಂಕಿ ನಂದಿ ಗಂಟೆಗಟ್ಟಲೆ ಕಳೆದರೂ ಕಲ್ಲು ಬೆಚ್ಚಗಿರುತ್ತದೆ. ನಮ್ಮಮ್ಮ ತೀರ್ಥಹಳ್ಳಿಯ ಮನೆಯಲ್ಲಿ ಕಲ್ಲುಮರಿಗೆಯಲ್ಲಿ ಹುಳಿ ಕುದಿಸಿದವಳು, ವಿಡಿಯೋ ಕಾಲ್‌ನಲ್ಲಿ ನೋಡಿದ ಕೂಡಲೇ “ಇದು ಶಾಖ ಹಿಡೀತದೆ ಮಾರಾಯ, ಇದನ್ನೇ ತಗೋ” ಅಂದಳು. ಆ ಮನೆಯಲ್ಲಿ ಬೆಂಗಳೂರಿನ ಐಐಎಸ್‌ಸಿಯ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಹಾಕಿಸಿದ್ದೆವು. ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಹೊರಗೆ. ಒಳ್ಳೆಯ ಒಲೆ ಹೆಂಗಸರ ಕಣ್ಣು, ಎದೆ ಎರಡನ್ನೂ ಉಳಿಸುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲಿ.

ಇನ್ನು ಲೆಕ್ಕ. ಒಲೆ 4,100 ಡಾಲರ್, ಚಿಮಣಿಯೊಳಗೆ ಇಳಿಸುವ ಸ್ಟೀಲ್ ಲೈನರ್ ಮತ್ತು ಬಿಡಿಭಾಗ 900, ಕೂಲಿ 1,200. ಒಟ್ಟು 6,200, ಅದರ ಶೇ 30 ಎಂದರೆ 1,860. ಬಿಲ್ ಹೀಗೆ ಬಿಡಿಬಿಡಿಯಾಗಿ ಬರುವಂತೆ ಅಂಗಡಿಯವರಿಗೆ ಮೊದಲೇ ಹೇಳಿದ್ದೆ. ಲೈನರ್ ಇಲ್ಲದೆ ಈ ಒಲೆ ಉರಿಸಲಾಗದು, ಹಾಗಾಗಿ ತೆರಿಗೆ ಸಲಹೆಗಾರರನ್ನು ಕೇಳಿ ಅದನ್ನೂ ಸೇರಿಸಿದೆ. ಸೌದೆ ಇಡುವ ಸ್ಟ್ಯಾಂಡ್, ಇಕ್ಕಳ, ಗೋಡೆಗೆ ಚೆಂದಕ್ಕೆ ಅಂಟಿಸಿದ ಕಲ್ಲು, ಇವನ್ನು ಬಿಟ್ಟೆ. ಅಂಗಡಿಯವರು ಬೆಲೆಯಲ್ಲೇ ರಿಯಾಯಿತಿ ಕೊಟ್ಟಿದ್ದರೆ ಅದನ್ನು ಕಳೆದು ಉಳಿದದ್ದಕ್ಕಷ್ಟೇ ಶೇ 30 ಹಾಕಬೇಕು.

2,000ದ ಮಿತಿ ಒಲೆಗೆ ಮಾತ್ರ ಮೀಸಲಲ್ಲ. ಹೀಟ್ ಪಂಪ್ (ವಿದ್ಯುತ್ತಿನಿಂದ ಹೊರಗಿನ ಶಾಖವನ್ನು ಒಳಗೆ ತರುವ ಯಂತ್ರ), ಹೀಟ್ ಪಂಪ್ ವಾಟರ್ ಹೀಟರ್ ಕೂಡ ಅದರೊಳಗೇ. ಆದರೆ ಮಿತಿ ವರ್ಷದ್ದು. ನಮ್ಮ ಹಳೆಯ ವಾಟರ್ ಹೀಟರ್ ಬದಲಿಸುವುದೂ ಇತ್ತು. ಒಲೆಯನ್ನು 2023ರಲ್ಲಿ ಹಾಕಿಸಿ ಅದನ್ನು 2024ಕ್ಕೆ ದಾಟಿಸಿದೆವು, ಎರಡಕ್ಕೂ ಕ್ರೆಡಿಟ್ ಸಿಕ್ಕಿತು. ಇಲ್ಲಿ ಮುಖ್ಯವಾಗುವುದು ದುಡ್ಡು ಕೊಟ್ಟ ದಿನವಲ್ಲ, ಒಲೆ ಕೂರಿಸಿ ಬಳಕೆಗೆ ಬಂದ ದಿನ. ಊರಿನ ಅಗ್ನಿಶಾಮಕ ಇಲಾಖೆಯವರು ಬಂದು ಗೋಡೆಯಿಂದ ಒಲೆಗೆ ಇರುವ ಅಂತರ ನೋಡಿ ಸಹಿ ಮಾಡಿದ ಪರ್ಮಿಟ್ ನನ್ನ ಬಳಿ ಇದೆ, ಆ ದಿನಕ್ಕೆ ಅದೇ ಸಾಕ್ಷಿ. ಅದರ ಪ್ರತಿಯನ್ನು ಮನೆಯ ವಿಮೆಯವರಿಗೂ ಕಳಿಸಿದೆ.

ತುಂಬಬೇಕಾದದ್ದು ಫಾರ್ಮ್ 5695, ಎರಡನೇ ಭಾಗ. ತಯಾರಕರ ಸರ್ಟಿಫಿಕೇಟನ್ನು ರಿಟರ್ನ್ ಜೊತೆ ಕಳಿಸಬೇಕಿಲ್ಲ, ಕೇಳಿದರೆ ತೋರಿಸಲು ಇಟ್ಟುಕೊಂಡಿರಬೇಕು. ನಾನು ಅದನ್ನು ಕೊಳ್ಳುವ ಮೊದಲೇ ಕಂಪನಿಯಿಂದ ತರಿಸಿಕೊಂಡೆ. ಸರ್ಟಿಫಿಕೇಟ್ ಕೊಡಲು ಹಿಂದೆಮುಂದೆ ನೋಡುವ ಕಂಪನಿಯ ಒಲೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಗೆಳೆಯರು ನನ್ನನ್ನು ಹೆಚ್ಚು ಕೇಳಿದ್ದು ಇದನ್ನು: “ನಾವು ಸ್ಟ್ಯಾಂಡರ್ಡ್ ಡಿಡಕ್ಷನ್ ತಗೋತೀವಿ, ನಮಗೆ ಸಿಗುತ್ತಾ?” ಸಿಗುತ್ತದೆ. ಇದು ಆದಾಯದಿಂದ ಕಳೆಯುವ ಡಿಡಕ್ಷನ್ ಅಲ್ಲ, ತೆರಿಗೆಯಿಂದಲೇ ನೇರ ಕಳೆಯುವ ಕ್ರೆಡಿಟ್. 1,860 ಎಂದರೆ ಪೂರ್ತಿ 1,860. “ಈ ಸಲ ನಾನು ಏಪ್ರಿಲ್‌ನಲ್ಲಿ ಕಟ್ಟೋದೇನೂ ಇಲ್ಲವಲ್ಲ” ಎಂದು ಬಿಟ್ಟುಬಿಡಬೇಡಿ. ನೋಡಬೇಕಾದದ್ದು ವರ್ಷದ ಒಟ್ಟು ತೆರಿಗೆ, ಅದನ್ನು ಸಂಬಳದಿಂದ ಆಗಲೇ ಹಿಡಿದಿರುತ್ತಾರೆ. ಆದರೆ ಒಟ್ಟು ತೆರಿಗೆಗಿಂತ ಕ್ರೆಡಿಟ್ ಹೆಚ್ಚಾದರೆ ಉಳಿದದ್ದು ಕೈಗೆ ಬರುವುದಿಲ್ಲ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ಊರಿನ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಭಾರತದಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಕೇಳುವವರು ಗಮನಿಸಿ: ಅದು ಮೊದಲು ಕಳೆಯುತ್ತದೆ, ಒಲೆಯದ್ದು ಆಮೇಲೆ. ಹೊಸದಾಗಿ ಕಟ್ಟಿಸುತ್ತಿರುವ ಮನೆಗೆ ಈ ಕ್ರೆಡಿಟ್ ಇಲ್ಲ. ಬಾಡಿಗೆಗೆ ಕೊಟ್ಟು ತಾವು ವಾಸಿಸದ ಮನೆಗೂ ಇಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯೇ ಇಲ್ಲ, ಹಾಗಾಗಿ ನಮಗೆ ಇಷ್ಟಕ್ಕೇ ಮುಗಿಯಿತು.

ಶೇ 75 ದಾಟುವುದು ಒಣ ಸೌದೆ ಹಾಕಿದಾಗ ಮಾತ್ರ. ಹಸಿ ಸೌದೆ ಹಾಕಿದರೆ ಎಂಥ ಒಲೆಯೂ ಹೊಗೆ ಕಾರುತ್ತದೆ, ಚಿಮಣಿಯೊಳಗೆ ಕ್ರಿಯೊಸೋಟ್ ಎಂಬ ಜಿಡ್ಡು ಮಸಿ ಕಟ್ಟುತ್ತದೆ, ಅದಕ್ಕೆ ಬೆಂಕಿ ಹತ್ತಿ ಮನೆಯೇ ಹೋದದ್ದುಂಟು. ಸೌದೆಯಲ್ಲಿ ತೇವ ಶೇ 20ಕ್ಕಿಂತ ಕಡಿಮೆ ಇರಬೇಕು. ಸಣ್ಣ ಮಾಯಿಶ್ಚರ್ ಮೀಟರ್ ಸಾಕು, ಆದರೆ ಮುಳ್ಳು ಚುಚ್ಚಬೇಕಾದದ್ದು ಹೊರಮೈಗಲ್ಲ, ಆಗತಾನೆ ಸೀಳಿದ ಒಳಮೈಗೆ. ಓಕ್ ಮರಕ್ಕೆ ಎರಡು ಬೇಸಿಗೆ ಬೇಕು. ಮಲೆನಾಡಿನವರಿಗೆ ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ತುಂಬಿಸಿ ಗೊತ್ತು, ಇಲ್ಲಿ ಅದೇ ಕೆಲಸವನ್ನು ಎರಡು ವರ್ಷ ಮುಂಚೆ ಮಾಡಬೇಕು ಅಷ್ಟೆ. ವರ್ಷಕ್ಕೊಮ್ಮೆ ಚಿಮಣಿ ಗುಡಿಸುವವರನ್ನು ಕರೆಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಈ ಖರ್ಚಿಗೆ ಕ್ರೆಡಿಟ್ ಇಲ್ಲ, ಆದರೂ ಮಾಡಲೇಬೇಕು.

2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು 2032ರ ತನಕ ಇರಬೇಕಿದ್ದ ಈ ಕ್ರೆಡಿಟ್ ಅನ್ನು ಏಳು ವರ್ಷ ಮೊದಲೇ ನಿಲ್ಲಿಸಿತು. ನನಗೆ ಇದರ ಬಗ್ಗೆ ನಿಜಕ್ಕೂ ಬೇಸರವಿದೆ. ಹಳೆಯ ಒಲೆ ಉರಿಸುವವರಲ್ಲಿ ಬಹಳ ಜನ ಕೈ ಬಿಗಿ ಇರುವವರು. ಅವರ ಹೊಗೆ ಕುಡಿಯುವುದು ಅವರ ಮಕ್ಕಳು, ಪಕ್ಕದ ಮನೆಯ ಮಕ್ಕಳು.

ನೀವು 2025ರಲ್ಲಿ ಒಲೆ ಕೂರಿಸಿದ್ದರೆ 2025ರ ರಿಟರ್ನ್‌ನಲ್ಲಿ (ಗಡುವು 2026ರ ಏಪ್ರಿಲ್ 15) ಕೇಳಬಹುದು. 2025ರ ಒಲೆಗೆ ತಯಾರಕರ ನಾಲ್ಕು ಅಕ್ಷರದ ಕ್ಯೂಎಂ ಕೋಡ್ ಕೂಡ ಬರೆಯಬೇಕು, ಕಂಪನಿಯನ್ನು ಕೇಳಿದರೆ ಕೊಡುತ್ತಾರೆ. 2023 ಅಥವಾ 2024ರಲ್ಲಿ ಕೂರಿಸಿ ಕೇಳುವುದನ್ನು ಬಿಟ್ಟಿದ್ದರೆ ಫಾರ್ಮ್ 1040-ಎಕ್ಸ್ ತುಂಬಿ ಹಳೆಯ ರಿಟರ್ನ್ ತಿದ್ದಿಸಿ. ಸಾಮಾನ್ಯವಾಗಿ ಸಲ್ಲಿಸಿದಲ್ಲಿಂದ ಮೂರು ವರ್ಷ ಅವಕಾಶ, 2023ರ ರಿಟರ್ನನ್ನು ಸಮಯಕ್ಕೆ ಸರಿಯಾಗಿ ಸಲ್ಲಿಸಿದವರಿಗೆ 2027ರ ಏಪ್ರಿಲ್ 15ರ ತನಕ. ಬಿಲ್ ಕಳೆದಿದ್ದರೆ ಅಂಗಡಿಗೆ ಫೋನ್ ಮಾಡಿ, ಹಳೆಯ ಬಿಲ್ಲಿನ ಪ್ರತಿ ಅವರಲ್ಲಿ ಸಾಮಾನ್ಯವಾಗಿ ಇರುತ್ತದೆ.