ಚಾನೆಲ್ 36 ತೆರೆದುಕೊಂಡ ಬಗೆ

ನಾನೇ ಕಂಪೈಲ್ ಮಾಡಿದ ಲಿನಕ್ಸ್ ಕರ್ನಲ್ ಮೇಲೆ ಹಾಸ್ಟ್‌ಎಪಿಡಿ (ಕಂಪ್ಯೂಟರಿನ ವೈ-ಫೈ ಕಾರ್ಡನ್ನೇ ರೂಟರ್‌ನಂತೆ ಮಾಡುವ ಪ್ರೋಗ್ರಾಂ) ಬಳಸಿ 5 ಗಿಗಾಹರ್ಟ್ಸ್ ವೈ-ಫೈ ಆಕ್ಸೆಸ್ ಪಾಯಿಂಟ್ ನಡೆಸಲು ಹೊರಟಿದ್ದೆ. ಚಾನೆಲ್ 36ಕ್ಕೆ ಅನುಮತಿ ಇಲ್ಲವೆಂದು ಅದು ಪ್ರತಿ ಸಲವೂ ನಿಂತುಬಿಡುತ್ತಿತ್ತು. ಆದರೆ ಅದೇ ಕಾರ್ಡ್, ಅದೇ ಚಾನೆಲ್‌ನಲ್ಲಿದ್ದ ರೂಟರ್‌ಗೆ ಸಲೀಸಾಗಿ ಸೇರಿಕೊಳ್ಳುತ್ತಿತ್ತು. ಡ್ರೈವರ್‌ನದೇ ತಪ್ಪೆಂದು ನಂಬಿ ಎರಡು ಸಂಜೆ ಕಳೆದೆ.

ಒಗಟು ಬಿಡಿಸಿದ್ದು ಕಾರ್ಡಿನ ಚಾನೆಲ್‌ಗಳನ್ನು ಪಟ್ಟಿ ಮಾಡುವ ‘ಐಡಬ್ಲ್ಯೂ ಲಿಸ್ಟ್’ ಆದೇಶ. 5 ಗಿಗಾಹರ್ಟ್ಸ್‌ನ ಸಾಲುಗಳ ಮುಂದೆಲ್ಲ ‘ನೋ ಐಆರ್’ ಎಂದಿತ್ತು. ಅಂದರೆ ಮೊದಲು ತಾನಾಗಿ ಪ್ರಸಾರ ಆರಂಭಿಸುವಂತಿಲ್ಲ. ಬೇರೊಂದು ಸಾಧನ ಅಲ್ಲಿ ಪ್ರಸಾರ ಮಾಡುತ್ತಿದ್ದರೆ ಅದಕ್ಕೆ ಸೇರಿಕೊಳ್ಳಬಹುದು. ‘ಐಡಬ್ಲ್ಯೂ ರೆಗ್ ಗೆಟ್’ ಕೇಳಿದರೆ ದೇಶ ‘00’ ಎಂಬ ಉತ್ತರ. ದೇಶ ಯಾವುದೆಂದು ತಿಳಿಯದಿದ್ದಾಗ ಕರ್ನಲ್ ಹಿಡಿದುಕೊಳ್ಳುವ ಅತಿ ಎಚ್ಚರಿಕೆಯ ವಿಶ್ವನಿಯಮವದು. ‘ಐಡಬ್ಲ್ಯೂ ರೆಗ್ ಸೆಟ್’ ಮೂಲಕ ಎರಡಕ್ಷರದ ದೇಶಸಂಕೇತ ಕೊಟ್ಟೆ. ದೋಷ ಸಂದೇಶವೂ ಇಲ್ಲ, ಬದಲಾವಣೆಯೂ ಇಲ್ಲ, ಗೋಡೆಗೆ ಹೇಳಿದಂತಾಯಿತು.

ಆಗ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೆಜ್ ತೆರೆದೆ. ದೇಶವಾರು ವೈ-ಫೈ ನಿಯಮಗಳ ಡೇಟಾಬೇಸ್ ಆದ ‘ರೆಗ್ಯುಲೇಟರಿ ಡಾಟ್ ಡಿಬಿ’ ಕಡತವನ್ನು ಓದಲಾಗಲಿಲ್ಲ, ದೋಷಸಂಖ್ಯೆ ‑2 ಎಂದಿತ್ತು. ಎಂದರೆ ಕಡತವೇ ಸಿಗಲಿಲ್ಲ. ಫರ್ಮ್‌ವೇರ್ ಡೈರೆಕ್ಟರಿಯಲ್ಲಿ ಅದನ್ನು ನಾನೇ ಇಟ್ಟಿದ್ದೆ! ಅದನ್ನು ಮತ್ತೆ ಓದಿಸಲು ‘ಐಡಬ್ಲ್ಯೂ ರೆಗ್ ರೀಲೋಡ್’ ಕೊಟ್ಟಾಗ ದೂರು ಬದಲಾಯಿತು: ಈಗ ಸಹಿ ಇಲ್ಲ ಅಥವಾ ಸರಿಯಿಲ್ಲ. ಹಿಂದೆ ಸಿಆರ್‌ಡಿಎ ಎಂಬ ಪ್ರತ್ಯೇಕ ಪ್ರೋಗ್ರಾಂ ಮಾಡುತ್ತಿದ್ದ, ಡೇಟಾಬೇಸ್ ಓದುವ ಈ ಕೆಲಸವನ್ನು 4.15ನೇ ಆವೃತ್ತಿಯಿಂದ ಕರ್ನಲ್ ತಾನೇ ಮಾಡಬಲ್ಲದು. ಕಡತದ ಜೊತೆ, ಅದನ್ನು ಯಾರೂ ತಿದ್ದಿಲ್ಲವೆಂದು ತೋರಿಸುವ ‘ಪಿ7ಎಸ್’ ಸಹಿಯ ಕಡತವನ್ನೂ ಕೇಳುತ್ತದೆ. ನಾನು ಡೇಟಾಬೇಸನ್ನು ಮಾತ್ರ ನಕಲು ಮಾಡಿ ಸಹಿಯನ್ನು ಬಿಟ್ಟಿದ್ದೆ. ಸಹಿ ಪರೀಕ್ಷೆಯನ್ನೇ ತೆಗೆದು ಕಂಪೈಲ್ ಮಾಡುವ ದಾರಿಯೂ ಇತ್ತು. ಆ ದಾರಿ ಹಿಡಿಯಲು ನನ್ನ ಮನಸ್ಸು ಒಪ್ಪಲಿಲ್ಲ. ಇದೇ ಬ್ಯಾಂಡ್‌ನಲ್ಲಿ ಹವಾಮಾನ ರಾಡಾರ್‌ಗಳೂ ಕೆಲಸ ಮಾಡುತ್ತವೆ. ಅವುಗಳ ಕೆಲಸ ಕೆಡಿಸುವ ಹಕ್ಕು ನನಗಿಲ್ಲ. ವೈರ್‌ಲೆಸ್‌-ರೆಗ್‌ಡಿಬಿ ಪ್ಯಾಕೇಜಿನಿಂದ ಎರಡೂ ಕಡತಗಳನ್ನು ಹಾಕಿ, ರೀಲೋಡ್ ಮಾಡಿ, ದೇಶಸಂಕೇತ ಕೊಟ್ಟೆ. ‘ನೋ ಐಆರ್’ ಅಳಿಸಿಹೋಯಿತು, ಚಾನೆಲ್ 36 ಎದ್ದು ನಿಂತಿತು.

ಮರುಬೂಟ್ ಮಾಡಿದೆ. ಮತ್ತೆ 00, ಮತ್ತೆ ‑2.

ವೈ-ಫೈ ನಿಯಮಗಳನ್ನು ನೋಡಿಕೊಳ್ಳುವ ಕರ್ನಲ್ ಭಾಗವಾದ ಸಿಎಫ್‌ಜಿ80211 ಅನ್ನು ನಾನು ಕರ್ನಲ್ ಒಳಗೇ ಸೇರಿಸಿದ್ದೆ. ರೂಟ್ ಫೈಲ್‌ಸಿಸ್ಟಮ್ (ಎಲ್ಲ ಕಡತಗಳಿರುವ ಡಿಸ್ಕ್ ಭಾಗ) ಮೌಂಟ್ ಆಗುವ ಮೊದಲೇ ಅದು ಡೇಟಾಬೇಸ್ ಹುಡುಕುತ್ತಿತ್ತು. ಆ ಹೊತ್ತಿಗೆ ಫರ್ಮ್‌ವೇರ್ ಡೈರೆಕ್ಟರಿಯೇ ಇರುವುದಿಲ್ಲವಲ್ಲ! ಸಿಎಫ್‌ಜಿ80211 ಅನ್ನು ಮಾಡ್ಯೂಲ್ ಆಗಿ, ಅಂದರೆ ಆಮೇಲೆ ಪ್ರತ್ಯೇಕವಾಗಿ ಲೋಡ್ ಆಗುವ ಭಾಗವಾಗಿ ಬದಲಿಸಿ, ಹಾಸ್ಟ್‌ಎಪಿಡಿ ಸಂರಚನೆಯಲ್ಲೂ ದೇಶಸಂಕೇತ ಬರೆದ ಮೇಲೆ ತೊಂದರೆ ಮರುಕಳಿಸಲಿಲ್ಲ. ಚಾನೆಲ್ 52ನ್ನೂ ನೋಡಿದೆ. ಅಲ್ಲಿ ಪ್ರಸಾರಕ್ಕೆ ಮುನ್ನ ರಾಡಾರ್ ಇದೆಯೇ ಎಂದು 60 ಸೆಕೆಂಡ್ ಆಲಿಸಬೇಕು. ಕೆಟ್ಟಿದೆ ಎಂದುಕೊಂಡು ನಡುವೆಯೇ ನಿಲ್ಲಿಸಬೇಡಿ.

ಇದೇ ಉತ್ಸಾಹದಲ್ಲಿ ಇನ್ನೊಂದು ಕಾರ್ಡ್ ತಂದು ಹಾಕಿದರೆ ಅದು ದೇಶಸಂಕೇತಕ್ಕೆ ಜಗ್ಗಲೇ ಇಲ್ಲ. ‘ರೆಗ್ ಗೆಟ್’ ಉತ್ತರದಲ್ಲಿ ಅದರ ಸಾಲಿನ ಪಕ್ಕ ‘ಸೆಲ್ಫ್ ಮ್ಯಾನೇಜ್ಡ್’ ಎಂದಿತ್ತು. ಅಂಥ ಕಾರ್ಡಿನ ನಿಯಮ ಅದರದೇ ಡ್ರೈವರ್ ಮತ್ತು ಫರ್ಮ್‌ವೇರ್‌ನಿಂದ ಬರುತ್ತದೆ, ಕರ್ನಲ್‌ನ ಡೇಟಾಬೇಸ್ ಅಲ್ಲಿ ಲೆಕ್ಕಕ್ಕಿಲ್ಲ. ಅದನ್ನು ಕ್ಲೈಂಟ್ ಆಗಿಯಷ್ಟೇ ಬಳಸುತ್ತಿದ್ದೇನೆ. ಆಕ್ಸೆಸ್ ಪಾಯಿಂಟ್ ಈಗಲೂ ಹಳೆಯ ಕಾರ್ಡಿನಲ್ಲೇ ನಡೆಯುತ್ತಿದೆ.