ಬ್ಯಾರಿಸ್ಟರ್ ಗೌನಿನಿಂದ ಜಡ್ಜ್ ಕುರ್ಚಿಗೆ: ಇಂಗ್ಲೆಂಡಿನ ಕೌಟುಂಬಿಕ ನ್ಯಾಯಾಲಯದಲ್ಲಿ ನನ್ನ ಅನುಭವ

ಇಂಗ್ಲೆಂಡಿನಲ್ಲಿ ಕೌಟುಂಬಿಕ ಕೇಸು ನಡೆಸುವ ಬ್ಯಾರಿಸ್ಟರ್‌ಗಳು ಸಾಮಾನ್ಯವಾಗಿ ಮೊದಲು ರೆಕಾರ್ಡರ್ ಆಗುತ್ತಾರೆ. ವಕೀಲಿಕೆ ಬಿಡದೆ ವರ್ಷಕ್ಕೆ 30 ದಿನವಾದರೂ ಪೀಠದಲ್ಲಿ ಕೂರುವ ಅರೆಕಾಲಿಕ ಜಡ್ಜ್ ಹುದ್ದೆ ಅದು. ನಾನು ಹಿಡಿದದ್ದೂ ಇದೇ ದಾರಿ. ಅರ್ಹತೆಗೆ 7 ವರ್ಷದ ಅನುಭವ ಬೇಕು. ಭಾರತದ ಸಂವಿಧಾನದ 233ನೇ ವಿಧಿ ಜಿಲ್ಲಾ ನ್ಯಾಯಾಧೀಶರಾಗಬಯಸುವ ವಕೀಲರಿಂದ ಕೇಳುವುದೂ 7 ವರ್ಷವೇ. ಪೂರ್ಣಾವಧಿ ಜಡ್ಜ್ ಆದವರು ಇಲ್ಲಿ ಮತ್ತೆ ವಕೀಲಿಕೆಗೆ ಮರಳುವಂತಿಲ್ಲ. ಆದ್ದರಿಂದ ಆ ಅರೆಕಾಲಿಕ ವರ್ಷಗಳಲ್ಲೇ ಕೆಲಸ ನಮಗೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಆಯ್ಕೆ ನ್ಯಾಯಾಂಗ ನೇಮಕಾತಿ ಆಯೋಗದ ಕೈಯಲ್ಲಿದೆ. ಅರ್ಜಿಯಲ್ಲಿ ಗೆದ್ದ ದೊಡ್ಡ ಕೇಸುಗಳ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ಪರಿಸ್ಥಿತಿ ಏನಿತ್ತು, ನೀವು ಏನು ಮಾಡಿದಿರಿ, ಏಕೆ ಹಾಗೆ ಮಾಡಿದಿರಿ, ಏನಾಯಿತು ಎಂದು ಬರೆಯಬೇಕು. ‘ನಾವು’ ಎಂದು ಬರೆದರೆ ನಿಮ್ಮ ಪಾಲು ಯಾವುದೆಂದು ಓದುವವರಿಗೆ ತಿಳಿಯದು.

ಪೀಠಕ್ಕೆ ಬಂದ ಮೇಲೆ ಬಿಡಲು ಕಷ್ಟವಾಗುವುದು ವಕೀಲರ ಒಂದು ಅಭ್ಯಾಸ: ಉತ್ತರ ಮೊದಲೇ ಗೊತ್ತಿರುತ್ತದೆ, ಸಾಕ್ಷ್ಯವನ್ನು ಅದಕ್ಕೆ ತಕ್ಕಂತೆ ಹುಡುಕುತ್ತೇವೆ. ಬಂಡಲ್, ಅಂದರೆ ಕೇಸಿನ ದಾಖಲೆಗಳ ಕಟ್ಟು, ಕೋರ್ಟು ಬೇರೆ ಹೇಳದಿದ್ದರೆ 350 ಪುಟ ಮೀರಬಾರದೆಂದು ನಿಯಮವಿದೆ. ಅದನ್ನು ನಾನು ಮೊದಲ ಪುಟದಿಂದ ಓದುವುದಿಲ್ಲ. ಹಿಂದಿನ ಆದೇಶ, ಎರಡೂ ಕಡೆಯ ನಿಲುವಿನ ಟಿಪ್ಪಣಿ, ಮಕ್ಕಳ ಹಿತದ ಬಗ್ಗೆ ಕೋರ್ಟಿಗೆ ಸಲಹೆ ಕೊಡುವ ಸಂಸ್ಥೆ ಕ್ಯಾಫ್‌ಕ್ಯಾಸ್‌ನ ವರದಿ, ಆಮೇಲೆ ಹೇಳಿಕೆಗಳು. ನಾನು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಕೆಳಗೂ ಜಾಗ ಬಿಡುತ್ತೇನೆ. ಸಾಕ್ಷಿ ನುಡಿದದ್ದು ಅಲ್ಲೇ ಸೇರುತ್ತದೆ. 1989ರ ಮಕ್ಕಳ ಕಾಯ್ದೆಯ 1(3)ನೇ ಕಲಮು ಮಗುವಿನ ಹಿತ ಅಳೆಯಲು ಕೊಡುವ ಏಳು ಅಂಶಗಳನ್ನು ಕೊನೆಯಲ್ಲಿ ಇದರ ಜೊತೆ ತಾಳೆ ನೋಡಿದರೆ ತೀರ್ಪಿನ ಅರ್ಧ ಕೆಲಸ ಮುಗಿದಂತೆ.

2013ರಲ್ಲಿ ಕಾನೂನು ನೆರವು ಕಡಿತವಾದ ಮೇಲೆ ವಕೀಲರಿಲ್ಲದೆ ಬರುವ ತಂದೆ ತಾಯಂದಿರು ಹೆಚ್ಚಿದ್ದಾರೆ. ಹಿಂಸೆಯ ಆರೋಪವಿದ್ದಲ್ಲಿ ಅವರೇ ಎದುರಿನವರ ಪಾಟಿಸವಾಲು ಮಾಡಬಹುದೇ, ಕೋರ್ಟು ವಕೀಲರನ್ನು ನೇಮಿಸಬೇಕೇ ಎಂಬುದನ್ನು ಆರಂಭದ ವಿಚಾರಣೆಯಲ್ಲೇ ನಿರ್ಧರಿಸಬೇಕು. ಅಂತಿಮ ವಿಚಾರಣೆಯ ದಿನ ಅದು ಎದ್ದರೆ, ಮೊದಲೇ ನಡುಗುತ್ತಾ ಬಂದ ತಾಯಿಯನ್ನು ಇನ್ನೊಂದು ತಾರೀಕು ಕೊಟ್ಟು ವಾಪಸ್ ಕಳಿಸಬೇಕಾಗುತ್ತದೆ. ಅದಕ್ಕಿಂತ ಕೆಟ್ಟ ಆಡಳಿತ ಇನ್ನೊಂದಿಲ್ಲ.

ಮಗುವಿನ ಭೇಟಿಯ ಆದೇಶದ ಒಕ್ಕಣೆಯಲ್ಲಿ ‘ಸೂಕ್ತ ಸಮಯ’ ಎಂಬ ಮಾತು ಬೇಡವೇ ಬೇಡ. ‘ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5ರವರೆಗೆ, ಗ್ರಂಥಾಲಯದ ಬಾಗಿಲಲ್ಲಿ ಒಪ್ಪಿಸುವುದು, ಅರ್ಧ ಗಂಟೆ ಮೀರಿದರೆ ಆ ವಾರದ ಭೇಟಿ ರದ್ದು, ಮಗುವಿಗೆ ಹುಷಾರಿಲ್ಲದಿದ್ದರೆ ಮುಂದಿನ ಶನಿವಾರ.’ ಇಷ್ಟು ಬಿಡಿಸಿ ಬರೆಯದಿದ್ದರೆ ಅದೇ ಜಗಳ ಮತ್ತೆ ಕೋರ್ಟಿಗೆ ಬರುತ್ತದೆ.

ನಮ್ಮ ಕಡೆಯ ಕುಟುಂಬಗಳಲ್ಲಿ ರಜೆಗೆ ಬೆಂಗಳೂರಿಗೆ ಕರೆದೊಯ್ಯುವ ಅರ್ಜಿ ಬರುವುದುಂಟು. ಬೇರೆ ದೇಶಕ್ಕೆ ಒಯ್ದ ಮಗುವನ್ನು ಮರಳಿಸಲು ದೇಶಗಳು ಮಾಡಿಕೊಂಡ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಮೂರು ವಿಷಯ ತೂಗುತ್ತೇನೆ: ಮಗುವನ್ನು ಅಲ್ಲೇ ಉಳಿಸಿಕೊಳ್ಳುವ ಸಂಭವ ಎಷ್ಟು, ಉಳಿಸಿಕೊಂಡರೆ ಮಗುವಿಗೆ ಆಗುವ ಹಾನಿ ಎಷ್ಟು, ತಡೆಯಲು ಏನು ಭದ್ರತೆ ಇದೆ. ಹಿಂತಿರುಗುವ ಟಿಕೆಟ್ ಒಂದೇ ಇದ್ದರೆ ಸಾಲದು, ಅದನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು. ಠೇವಣಿ ಹಣ, ಭಾರತದ ಕೋರ್ಟಿನಿಂದ ಇದೇ ರೀತಿಯ ಆದೇಶ, ಅಜ್ಜಿಮನೆಯ ಪೂರ್ತಿ ವಿಳಾಸ ಕೇಳುತ್ತೇನೆ. ಪಾಸ್‌ಪೋರ್ಟ್ ಯಾರ ವಕೀಲರ ಬಳಿ ಇರಬೇಕು, ಪ್ರಯಾಣಕ್ಕೆ ಯಾವ ದಿನ ಕೈಗೆ ಕೊಡಬೇಕು, ಮರಳಿದ ಮೇಲೆ ಎಷ್ಟು ದಿನದೊಳಗೆ ವಾಪಸ್ ಇಡಬೇಕು ಎಂಬುದೂ ಆದೇಶದಲ್ಲೇ ಇರುತ್ತದೆ.