ಹಳೇ ಡುಪ್ಲೆಕ್ಸರ್ ಕೊಳ್ಳಲು ಹೊರಟಿರಾ? ಅಳತೆ ಟೇಪ್ ಒಯ್ಯಿರಿ

ಧಾರವಾಡದ ಮೂವರು ಹುಡುಗರು ಕಳೆದ ಬೇಸಿಗೆಯಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಮೂವರೂ ಲೈಸೆನ್ಸ್ ಇರುವ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು. ಎರಡು ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಸುತ್ತಿನ) ರಿಪೀಟರ್‌ಗೆಂದು, ಅಂದರೆ ಒಂದು ಸೆಟ್ಟಿನ ಮಾತು ಹಿಡಿದು ಮತ್ತೆ ಬಿತ್ತರಿಸುವ ಯಂತ್ರಕ್ಕೆಂದು, ದುಡ್ಡು ಕೂಡಿಸಿ ಡುಪ್ಲೆಕ್ಸರ್ ತಂದಿದ್ದರು. ಒಂದೇ ಆಂಟೆನಾದಲ್ಲಿ ಕೇಳುವುದನ್ನೂ ಕಳಿಸುವುದನ್ನೂ ಬೇರ್ಪಡಿಸುವ ಫಿಲ್ಟರ್ ಜೋಡಣೆಯೇ ಡುಪ್ಲೆಕ್ಸರ್. "ಕಾಕಾ, ಇದನ್ನ ಟ್ಯೂನ್ ಮಾಡಿಕೊಡ್ರಿ" ಅಂದರು. ಪೆಟ್ಟಿಗೆ ನೋಡಿದ ಕೂಡಲೇ ನನಗೆ ಸಂಕಟವಾಯಿತು. ಅದು ಈ ಕೆಲಸಕ್ಕೆ ಬರುವಂಥದ್ದೇ ಅಲ್ಲ. ಇಂಥ ತಪ್ಪು ನಾನು ಕಂಡಿದ್ದು ಅದೇ ಮೊದಲಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಅಂತರ ಗೊತ್ತು ಮಾಡಿಕೊಳ್ಳಿ

ರಿಪೀಟರ್ ಒಂದೇ ಆಂಟೆನಾದಲ್ಲಿ ಕೇಳುತ್ತದೆ, ಅದೇ ಹೊತ್ತಿಗೆ ಮಾತನ್ನೂ ಆಡುತ್ತದೆ. 145 ಮೆಗಾಹರ್ಟ್ಸ್ ಸುತ್ತ ಈ ಎರಡರ ಫ್ರೀಕ್ವೆನ್ಸಿಗಳ ನಡುವಿನ ಅಂತರ 600 ಕಿಲೋಹರ್ಟ್ಸ್ ಮಾತ್ರ. ಪಕ್ಕದಲ್ಲೇ 25 ವ್ಯಾಟ್ ಕೂಗುತ್ತಿದ್ದರೆ ರಿಸೀವರ್ ಕಿವುಡಾಗುತ್ತದೆ. ಅದನ್ನು ತಡೆಯಲು ಸುಮಾರು 80ರಿಂದ 90 ಡೆಸಿಬೆಲ್ ಬೇರ್ಪಡೆ ಬೇಕು. ಅಂತರ ಕಡಿಮೆಯಾದಷ್ಟೂ ಡುಪ್ಲೆಕ್ಸರ್‌ನ ಡಬ್ಬಿ (ಒಂದು ಫ್ರೀಕ್ವೆನ್ಸಿಗೆ ಟ್ಯೂನ್ ಮಾಡುವ ಟೊಳ್ಳು ಲೋಹದ ಪಾತ್ರೆ) ದೊಡ್ಡದಾಗಬೇಕು. ಇದೊಂದು ಮಾತು ತಲೆಯಲ್ಲಿದ್ದರೆ ಅರ್ಧ ಮೋಸ ತಪ್ಪುತ್ತದೆ.

ಹೆಜ್ಜೆ 2: ಬೇಡದ್ದನ್ನು ಮೊದಲು ಬದಿಗಿಡಿ

ಆ ಹುಡುಗರು ತಂದಿದ್ದು ಆರು ತಿರುಪಿನ ಚಪ್ಪಟೆ ಪೆಟ್ಟಿಗೆ, ಮೊಬೈಲ್ ಸೆಟ್‌ಗಳಿಗೆ ಮಾಡಿದ್ದು. ವಿಎಚ್‌ಎಫ್‌ನಲ್ಲಿ (30–300 ಮೆಗಾಹರ್ಟ್ಸ್) ಅದಕ್ಕೆ ಸಾಮಾನ್ಯವಾಗಿ 4–5 ಮೆಗಾಹರ್ಟ್ಸ್ ಅಂತರ ಬೇಕು. 600 ಕಿಲೋಹರ್ಟ್ಸ್‌ಗೆ ಎಷ್ಟು ತಿರುಗಿಸಿದರೂ ಒಗ್ಗುವುದಿಲ್ಲ. ಮಾರಿದವನು ಸುಳ್ಳು ಹೇಳಿರಲಿಲ್ಲ, ಅದು ಡುಪ್ಲೆಕ್ಸರ್ ಹೌದು. ಇವರು ಅಂತರ ಕೇಳಿರಲಿಲ್ಲ, ಅಷ್ಟೇ.

ಗುಜರಿ ಅಂಗಡಿಯಲ್ಲಿ ಮೈತುಂಬ ಸ್ಕ್ರೂ ಇರುವ ಅಲ್ಯುಮಿನಿಯಂ ಗಟ್ಟಿಗಳೂ ಸಿಗುತ್ತವೆ. "ಟವರ್ ಫಿಲ್ಟರ್ ಐತ್ರಿ ಸಾಹೇಬ್ರ, ಎಲ್ಲಾದಕ್ಕೂ ನಡೀತೈತಿ" ಅನ್ನುತ್ತಾರೆ. ನಡೆಯುವುದಿಲ್ಲ. ಅವು 900 ಅಥವಾ 1800 ಮೆಗಾಹರ್ಟ್ಸ್‌ನ ಮೊಬೈಲ್ ಟವರಿನವು, 145ಕ್ಕೆ ಇಳಿಯವು. ಡೈಪ್ಲೆಕ್ಸರ್ ಎಂಬ ಅಂಗೈಯಗಲದ ಡಬ್ಬಿಯೂ ಬೇರೆಯೇ ವಸ್ತು. ಅದು ವಿಎಚ್‌ಎಫ್, ಅದಕ್ಕೂ ಮೇಲಿನ ಯುಎಚ್‌ಎಫ್ ಎರಡನ್ನೂ ಒಂದೇ ಕೇಬಲಿಗೆ ಸೇರಿಸುತ್ತದೆ, ಅಷ್ಟೇ.

ಹೆಜ್ಜೆ 3: ಡಬ್ಬಿಯನ್ನು ಓದುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ. ನಿಧಾನವಾಗಿ ನೋಡಿ. ಮೊದಲು ಎತ್ತರ ಅಳೆಯಿರಿ. 145 ಮೆಗಾಹರ್ಟ್ಸ್‌ನ ಕಾಲು ತರಂಗ ಸುಮಾರು 52 ಸೆಂಟಿಮೀಟರ್. ಡಬ್ಬಿ ಅದಕ್ಕಿಂತ ತುಸು ಉದ್ದವಿರಬೇಕು, ಮೇಲೆ ಟ್ಯೂನಿಂಗ್ ರಾಡ್ ಚಾಚಿರಬೇಕು. ಆದರೆ ಉದ್ದವೊಂದನ್ನೇ ನಂಬಬೇಡಿ. 435 ಮೆಗಾಹರ್ಟ್ಸ್‌ನ ಮುಕ್ಕಾಲು ತರಂಗವೂ ಅಷ್ಟೇ ಉದ್ದ! ಚೀಟಿ ಕಿತ್ತುಹೋಗಿದ್ದರೆ ಮೀಟರ್ ಹಚ್ಚಿಯೇ (ಹೆಜ್ಜೆ 5) ನೋಡಬೇಕು.

ಆಮೇಲೆ ಕನೆಕ್ಟರ್ ಎಣಿಸಿ. ಒಂದು ಡಬ್ಬಿಗೆ ಎರಡು ಬೇರೆ ಬೇರೆ ಕನೆಕ್ಟರ್ ಇದ್ದರೆ ಅದು ಬಹುಪಾಲು ಬ್ಯಾಂಡ್‌ಪಾಸ್, ಬೇಕಾದ ಫ್ರೀಕ್ವೆನ್ಸಿಯನ್ನು ಮಾತ್ರ ಬಿಡುವಂಥದ್ದು. ಒಂದೇ ಇದ್ದು ಮೇಲೆ ಟಿ ಆಕಾರದ ಕನೆಕ್ಟರ್ ಕೂತಿದ್ದರೆ ನಾಚ್, ಬೇಡದ ಫ್ರೀಕ್ವೆನ್ಸಿಯನ್ನು ಮಾತ್ರ ತಡೆಯುವಂಥದ್ದು. ರಾಡ್ ಪಕ್ಕದಲ್ಲಿ ಇನ್ನೊಂದು ಸಣ್ಣ ತಿರುಪು ಇದ್ದರೆ ಅದು ಎರಡೂ ಕೆಲಸ ಮಾಡುವ ಪಾಸ್-ರಿಜೆಕ್ಟ್ ಇರಬಹುದು. ನನ್ನ ಆಯ್ಕೆ ಇದೇ. ಅಂಥ ನಾಲ್ಕು ದಪ್ಪ ಡಬ್ಬಿ, ಇಲ್ಲವೇ ಆರು ಸಾಧಾರಣ ಡಬ್ಬಿಯ ಜೋಡಣೆ ಎರಡು ಮೀಟರ್‌ಗೆ ಸಾಕು. ಸಿಂಕ್ಲೇರ್, ಸೆಲ್‌ವೇವ್, ಟೆಲಿವೇವ್ ಹೆಸರು ಕಂಡರೆ ಒಳ್ಳೆಯದೇ, ಆದರೂ ಹೆಸರು ನೋಡಿ ದುಡ್ಡು ಕೊಡಬೇಡಿ.

ಈಗ ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ. ಒಳಗೆ ಗಲಗಲ ಅಂದರೆ ಏನೋ ಮುರಿದಿದೆ. ರಾಡ್ ಎಷ್ಟು ಹೊರಗಿದೆ ಎಂದು ಮಾರ್ಕರ್‌ನಲ್ಲಿ ಗೆರೆ ಎಳೆದುಕೊಂಡು, ಲಾಕ್ ನಟ್ ಸಡಿಲಿಸಿ ಒಂದಿಷ್ಟು ಜಾರಿಸಿ. ಉದ್ದಕ್ಕೂ ಒಂದೇ ಬಿಗಿ ಇರಬೇಕು. ಸುಮ್ನೆ ಜಾರಿದರೆ ಒಳಗಿನ ಸ್ಪ್ರಿಂಗ್ ಬೆರಳುಗಳು ಸವೆದಿವೆ, ಕರಕರ ಅಂದರೆ ಕಿಲುಬು ಹಿಡಿದಿದೆ. ಒಳಗಿನ ಬೆಳ್ಳಿ ಲೇಪ ಕಪ್ಪಾಗಿದ್ದರೆ ಚಿಂತೆಯಿಲ್ಲ, ಹಸಿರು ಕಂಡರೆ ಬಿಟ್ಟುಬಿಡಿ. ದಯವಿಟ್ಟು ಸ್ಯಾಂಡ್‌ಪೇಪರ್ ಹಾಕಿ ತಿಕ್ಕಬೇಡಿ, ತುಕ್ಕು ಬಿಡಿಸುವ ಎಣ್ಣೆ ಸುರಿಯಬೇಡಿ. ಹಾಗೆ ಹಾಳಾದ ಒಳ್ಳೊಳ್ಳೆ ಡಬ್ಬಿಗಳನ್ನು ಕಂಡಿದ್ದೇನೆ.

ಒಳ್ಳೆಯ ರಾಡ್ ಇನ್ವಾರ್‌ನದು. ಇದು ಕಬ್ಬಿಣ-ನಿಕಲ್ ಮಿಶ್ರಲೋಹ, ಬಿಸಿಲಿಗೆ ಹೆಚ್ಚು ಹಿಗ್ಗುವುದಿಲ್ಲ. ಯಾರಾದರೂ ಅದನ್ನು ತೆಗೆದು ಹಿತ್ತಾಳೆ ರಾಡ್ ಹಾಕಿದ್ದಾರಾ ನೋಡಿ. ಒಳಗಂಬ ಪೂರ್ತಿ ಹಿತ್ತಾಳೆಯಾದರೆ 25 ಡಿಗ್ರಿ ಏರಿದಾಗ ಟ್ಯೂನಿಂಗ್ ಸುಮಾರು 70 ಕಿಲೋಹರ್ಟ್ಸ್ ಜಾರುತ್ತದೆ. ನಮ್ಮ ಕಡೆ ಡಿಸೆಂಬರ್ ಬೆಳಗಿಗೂ ಏಪ್ರಿಲ್ ಮಧ್ಯಾಹ್ನದ ತಗಡಿನ ಶೆಡ್ಡಿಗೂ ಅಷ್ಟು ಫರಕು ಇದ್ದೇ ಇರುತ್ತದೆ, ಅಲ್ವಾ?

ಹೆಜ್ಜೆ 4: ಕೇಬಲ್ ಸಮೇತ ಕೇಳಿ

ಡಬ್ಬಿಗಳ ನಡುವಿನ ತುಂಡು ಕೇಬಲ್‌ಗಳನ್ನು ಲೆಕ್ಕ ಹಾಕಿಯೇ ಕತ್ತರಿಸಿರುತ್ತಾರೆ. ತಾಮ್ರದ ಆಸೆಗೆ ಅವನ್ನು ಕಿತ್ತು ಮಾರುವವರಿದ್ದಾರೆ. ಕೇಬಲ್ ಇಲ್ಲದ ಸೆಟ್ಟಿಗೆ ಅರ್ಧ ಬೆಲೆಗಿಂತ ಜಾಸ್ತಿ ಕೊಡಬೇಡಿ. ಹೊಸದು ಮಾಡುವುದಾದರೆ ಎರಡು ಜಾಲರಿಯ ಆರ್‌ಜಿ-214 ಬಳಸಿ, ತೆಳ್ಳನೆಯ ಆರ್‌ಜಿ-58 ಬೇಡವೇ ಬೇಡ.

ಹೆಜ್ಜೆ 5: ನ್ಯಾನೊವಿಎನ್ಎ ಹಚ್ಚಿ

ಯಾವ ಫ್ರೀಕ್ವೆನ್ಸಿ ಎಷ್ಟು ಹಾದುಹೋಗುತ್ತದೆ ಎಂದು ತೋರಿಸುವ ಸಣ್ಣ ಮೀಟರ್ ಇದು. ಮೊದಲು ಕ್ಯಾಲಿಬ್ರೇಟ್ ಮಾಡಿ. ಡುಪ್ಲೆಕ್ಸರ್‌ನ ಬಳಸದ ಮೂರನೇ ಪೋರ್ಟಿಗೆ 50 ಓಮ್ ಲೋಡ್ ಹಾಕಿ. ಸ್ಪ್ಯಾನ್, ಅಂದರೆ ನೋಡುವ ಅಗಲ, 2 ಮೆಗಾಹರ್ಟ್ಸ್ ಸಾಕು. ಮೊದಲ ನ್ಯಾನೊವಿಎನ್ಎ ಒಂದು ಸಲಕ್ಕೆ 101 ಬಿಂದು ಮಾತ್ರ ನೋಡುತ್ತದೆ, 30 ಮೆಗಾಹರ್ಟ್ಸ್ ಅಗಲ ಇಟ್ಟರೆ ಚೂಪು ನಾಚ್ ಎರಡು ಬಿಂದುಗಳ ನಡುವೆ ಕಾಣದೇ ಹೋಗಬಹುದು. ಹಾದುಹೋಗುವ ಕಡೆ 1.5 ಡೆಸಿಬೆಲ್ ನಷ್ಟ ಸಹಜ. 25 ವ್ಯಾಟ್‌ನಲ್ಲಿ ಸುಮಾರು 17.7 ಉಳಿಯುತ್ತದೆ. 3 ಡೆಸಿಬೆಲ್ ಅಂದರೆ ಅರ್ಧ ಪವರ್ ಹೋಯಿತು, ಕಾರಣ ಹುಡುಕಿ. ಈ ಮೀಟರಿನ ನೋಟ ಸುಮಾರು 70 ಡೆಸಿಬೆಲ್‌ಗೆ ನಿಲ್ಲುತ್ತದೆ. ನಾಚ್‌ನ ತಳ ಕಾಣಲಿಲ್ಲವೆಂದು ಡಬ್ಬಿಯನ್ನು ಬೈಯಬೇಡಿ.

ಮನೆಗೆ ತರುವಾಗ ರಾಡ್‌ಗಳಿಗೆ ಬಟ್ಟೆ ಸುತ್ತಿ, ಡಬ್ಬಿಗಳನ್ನು ನಿಲ್ಲಿಸಿಯೇ ತನ್ನಿ. ಬಸ್ಸಿನ ಡಿಕ್ಕಿಯಲ್ಲಿ ಚೀಲಗಳ ಕೆಳಗೆ ಹಾಕಿದರೆ ಹುಬ್ಬಳ್ಳಿಯಿಂದ ಗದಗ ಮುಟ್ಟುವಷ್ಟರಲ್ಲಿ ರಾಡ್ ಬಾಗಿರುತ್ತದೆ.